ಸೂರ್ಯ ಮುಳುಗಿದ ಮೇಲೂ ಕುಳಿತಿರಿ: ಉತ್ತರ ಕನ್ನಡದಲ್ಲಿ ಮುಸ್ಸಂಜೆಯ ಬೆಳಕನ್ನು ನೋಡುವ ಬಗೆ

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಪ್ರತಿ ಸಂಜೆ ಒಂದೇ ಕ್ರಮ. ಸೂರ್ಯನ ಕೊನೆಯ ಅಂಚು ನೀರಿಗಿಳಿಯುವವರೆಗೆ ಮೊಬೈಲ್‌ಗಳೆಲ್ಲ ಪಡುವಣಕ್ಕೆ ಮುಖ ಮಾಡಿರುತ್ತವೆ. ಅಂಚು ಮರೆಯಾದದ್ದೇ ತಡ, ಜನ ಬಟ್ಟೆಯ ಮರಳು ಕೊಡವಿಕೊಂಡು ಎದ್ದು ಹೊರಡುತ್ತಾರೆ. ನೋಡಬೇಕಾದದ್ದು ಶುರುವಾಗುವುದೇ ಆ ಹೊತ್ತಿಗೆ. ನನ್ನ ಮೊದಲ ಸಲಹೆ, ಎಲ್ಲಕ್ಕಿಂತ ದೊಡ್ಡ ಸಲಹೆ ಇದೇ: ಏಳಬೇಡಿ. ಇನ್ನೂ ಒಂದೂವರೆ ಗಂಟೆ ಕುಳಿತಿರಿ.

ಕೃತಜ್ಞತೆಯನ್ನು ಕಣ್ಣು ಮುಚ್ಚಿಕೊಂಡು ಮನಸ್ಸಿನೊಳಗೆ ಹುಟ್ಟಿಸಿಕೊಳ್ಳಬೇಕೆಂದು ಈಗೀಗ ಬಹಳ ಮಂದಿ ಹೇಳಿಕೊಡುತ್ತಾರೆ. ನನಗೆ ಆ ದಾರಿ ಒಗ್ಗಲಿಲ್ಲ. ಕಣ್ಣು ತೆರೆದು ನೋಡಿ, ಈ ಬೆಳಕು ಎಲ್ಲಿಂದ ಬಂತು, ಇದನ್ನು ನನ್ನವರೆಗೆ ತಂದು ಮುಟ್ಟಿಸಿದವರು ಯಾರು ಎಂದು ತಿಳಿದಾಗಲೇ ನನ್ನಲ್ಲಿ ಅದು ಬಂದಿದೆ. ಆದ್ದರಿಂದ ಈ ಬರಹದಲ್ಲಿ ಧ್ಯಾನದ ವಿಧಾನಗಳಿಲ್ಲ. ಯಾವ ದಿನ ಹೋಗಬೇಕು, ಯಾವ ಕಡೆ ತಿರುಗಿ ಕೂರಬೇಕು, ಏನನ್ನು ನೋಡಬೇಕು ಎಂಬ ವಿವರಗಳಿವೆ.

ಮೊದಲು ಪಂಚಾಂಗ ತೆರೆಯಿರಿ

ಗೋಡೆಯ ಮೇಲಿನ ಕ್ಯಾಲೆಂಡರೂ ಸಾಕು. ನಿಮಗೆ ಬೇಕಾದದ್ದು ಎರಡೇ ಸಂಗತಿ: ತಿಥಿ ಮತ್ತು ಸೂರ್ಯಾಸ್ತದ ಹೊತ್ತು.

ಕಾರವಾರದಲ್ಲಿ ನವೆಂಬರ್ ಕೊನೆಯ ಹೊತ್ತಿಗೆ ಸೂರ್ಯ ಸುಮಾರು 6 ಗಂಟೆಗೇ ಮುಳುಗುತ್ತಾನೆ. ಜುಲೈ ಮೊದಲ ವಾರದಲ್ಲಿ 7 ಗಂಟೆ ದಾಟಿರುತ್ತದೆ, ಆದರೆ ಆಗ ಮೋಡ ಬಿಟ್ಟುಕೊಟ್ಟರೆ ತಾನೆ! ಕಡಲ ಮೇಲಿನ ಸೂರ್ಯಾಸ್ತಕ್ಕೆ ಅಕ್ಟೋಬರ್‌ನಿಂದ ಫೆಬ್ರುವರಿವರೆಗಿನ ತಿಂಗಳುಗಳು ಒಳ್ಳೆಯವು. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಘಟ್ಟದ ಮೇಲೆ ಗುಡುಗು ಮೋಡ ಕಟ್ಟಿ, ಇಲ್ಲಿ ಸದ್ದೇ ಕೇಳಿಸದಷ್ಟು ದೂರದಲ್ಲಿ ಮಿಂಚು ಹೊಳೆಯುತ್ತಿರುತ್ತದೆ. ಅದೂ ನೋಡತಕ್ಕದ್ದೇ. ಗುಡುಗು ಕಿವಿಗೆ ಬಿತ್ತೆಂದರೆ ಮಾತ್ರ ಬಯಲಿನಲ್ಲಿ, ಮರದಡಿಯಲ್ಲಿ ನಿಲ್ಲದೆ ಒಳಗೆ ಹೋಗಿ.

ತಿಥಿಗೆ ತಕ್ಕಂತೆ ನೋಟವೂ ಬೇರೆ. ನಕ್ಷತ್ರ, ಮಿಂಚುಹುಳು, ಕಡಲ ನೀಲಿ ಹೊಳಪು ಬೇಕೆಂದರೆ ಅಮಾವಾಸ್ಯೆಯ ಆಚೀಚೆಯ ದಿನಗಳನ್ನು ಆರಿಸಿಕೊಳ್ಳಿ. ಹುಣ್ಣಿಮೆಯಂದು ಸೂರ್ಯ ಪಡುವಣದಲ್ಲಿ ಇಳಿಯುವ ಹೊತ್ತಿಗೇ ಮೂಡಣದಲ್ಲಿ ಚಂದ್ರ ಏಳುತ್ತಾನೆ. ಕಡಲು ಒಂದು ಕಡೆ, ಘಟ್ಟ ಇನ್ನೊಂದು ಕಡೆ ಇರುವ ನಮ್ಮ ಜಿಲ್ಲೆಯಲ್ಲಿ ನಿಂತ ಜಾಗದಲ್ಲೇ ತಿರುಗಿ ಎರಡನ್ನೂ ನೋಡಬಹುದು. ಬೆಟ್ಟ ಅಡ್ಡವಿರುವುದರಿಂದ ಚಂದ್ರ ಕಣ್ಣಿಗೆ ಬೀಳುವುದು ತುಸು ತಡವಾಗುತ್ತದೆ. ಹುಣ್ಣಿಮೆ ಕಳೆದ ಮೇಲೆ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಏಳುತ್ತಾ ಹೋಗುತ್ತಾನೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಶುಕ್ಲಪಕ್ಷದ ಬಿದಿಗೆ ಮತ್ತು ತದಿಗೆ. ಅದರ ಕಾರಣ ಮುಂದೆ ಹೇಳುತ್ತೇನೆ.

ಜಾಗ ಮತ್ತು ಸಾಮಾನು

ಜಾಗಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕಾರವಾರದವರಿಗೆ ದೇವಬಾಗ, ಮಾಜಾಳಿ, ಕುಮಟಾದವರಿಗೆ ಧಾರೇಶ್ವರ, ಹೊನ್ನಾವರದವರಿಗೆ ಕಾಸರಕೋಡ, ಯಲ್ಲಾಪುರದವರಿಗೆ ಜೇನುಕಲ್ಲು ಗುಡ್ಡ. ಶಿರಸಿ, ಸಿದ್ದಾಪುರದ ಮನೆಗಳಲ್ಲಿ ಅಂಗಳದ ತುದಿಗೆ ಹೋಗಿ ನಿಂತರೂ ಆಯಿತು. ಬೀದಿದೀಪ ನೇರ ಕಣ್ಣಿಗೆ ಹೊಡೆಯಬಾರದು, ಅಷ್ಟೇ ಮುಖ್ಯ. ಗೋಕರ್ಣದ ಕುಡ್ಲೆಯಿಂದ ಓಂ ಬೀಚ್‌ಗೆ ಹೋಗುವ ಬಂಡೆಯ ಕಾಲುದಾರಿಯನ್ನು ಕತ್ತಲಲ್ಲಿ ನೆಚ್ಚಬೇಡಿ. ಸದಾಶಿವಗಡದ ಗುಡ್ಡದಿಂದ ಕಾಳಿ ನದಿಯ ಅಳಿವೆ ಬಹಳ ಚೆನ್ನಾಗಿ ಕಾಣುತ್ತದೆ, ಆದರೆ ಬೆಳಕಿರುವಾಗಲೇ ಕೆಳಗಿಳಿದುಬಿಡಿ. ಅರ್ಗಾ ಸುತ್ತಮುತ್ತ ನೌಕಾನೆಲೆ ಇರುವುದರಿಂದ ಆ ಭಾಗದಲ್ಲಿ ಕ್ಯಾಮೆರಾ ಹೊರತೆಗೆಯದಿರುವುದೇ ಸರಿ.

ಚಾಪೆ, ನೀರು, ಸೊಳ್ಳೆ ಮುಲಾಮು, ಟಾರ್ಚ್. ಟಾರ್ಚಿನ ಗಾಜಿಗೆ ಎರಡು ಮೂರು ಪದರ ಕೆಂಪು ಬಣ್ಣದ ಪಾರದರ್ಶಕ ಕಾಗದ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಇದರ ಉಪಯೋಗ ಆಮೇಲೆ ಗೊತ್ತಾಗುತ್ತದೆ.

ಬಂಡೆಯ ಮೇಲೆ ಕೂರುವವರಿಗೆ ಒಂದು ಎಚ್ಚರಿಕೆ. ಹುಣ್ಣಿಮೆ, ಅಮಾವಾಸ್ಯೆಗಳ ಸಂಜೆ ಕಡಲು ಬಹಳ ಹಿಂದೆ ಸರಿದಿರುತ್ತದೆ, ರಾತ್ರಿಯಾಗುತ್ತಾ ನೀರು ಏರುತ್ತದೆ. ಬರುವಾಗ ಒಣಗಿದ್ದ ದಾರಿ ಹೋಗುವಾಗ ನೀರಿನಡಿ ಇರಬಹುದು. ಮರಳ ಮೇಲೆ ಕುಳಿತವರಿಗೆ ಇದೇ ಇಳಿತ ಒಂದು ಲಾಭ: ಅಲೆ ಹಿಂದೆ ಸರಿದ ಒದ್ದೆ ಮರಳಿನಲ್ಲಿ ಇಡೀ ಆಕಾಶ ಇನ್ನೊಮ್ಮೆ ಕಾಣುತ್ತದೆ.

ಮುಳುಗುವಾಗ, ಮುಳುಗಿದ ಮೇಲೆ

ಸೂರ್ಯ ನೀರನ್ನು ಮುಟ್ಟುವ ಮೊದಲೇ ಬಂದು ಕುಳಿತುಕೊಳ್ಳಿ. ಸೂರ್ಯನನ್ನು ದುರ್ಬೀನಿನಿಂದಾಗಲಿ ಕ್ಯಾಮೆರಾದ ಲೆನ್ಸ್‌ ಕಿಂಡಿಯಿಂದಾಗಲಿ ನೋಡಕೂಡದು. ಬರಿಗಣ್ಣಿನಲ್ಲೂ ದಿಟ್ಟಿಸುತ್ತಾ ಕೂರಬೇಡಿ. ಬಿಂಬದ ಕೆಳಅಂಚು ನೀರನ್ನು ಮುಟ್ಟಿದಾಗ ಒಂದು ವಿಷಯ ನೆನಪಿಸಿಕೊಳ್ಳಿ: ಆ ಕ್ಷಣಕ್ಕೆ ನಿಜವಾದ ಸೂರ್ಯ ಆಗಲೇ ದಿಗಂತದ ಕೆಳಗಿದ್ದಾನೆ. ಗಾಳಿಯ ಪದರಗಳು ಬೆಳಕನ್ನು ಬಗ್ಗಿಸಿ ಅವನ ಬಿಂಬವನ್ನು ನಮಗಾಗಿ ಎತ್ತಿ ಹಿಡಿದಿವೆ. ತಳ ಚಪ್ಪಟೆಯಾಗಿ ಕಾಣುವುದೂ ಇದರಿಂದಲೇ. ಆ ಬೆಳಕು ಸೂರ್ಯನನ್ನು ಬಿಟ್ಟು ಎಂಟು ನಿಮಿಷದ ಮೇಲಾಗಿದೆ.

ಇನ್ನೊಂದು ಅಭ್ಯಾಸ. ಸೂರ್ಯ ಇಳಿಯುತ್ತಿದ್ದಾನೆ ಎಂದುಕೊಳ್ಳುವುದನ್ನು ಒಂದು ನಿಮಿಷ ಬಿಟ್ಟುಬಿಡಿ. ಅವನು ಅಲ್ಲೇ ಇದ್ದಾನೆ. ಮರಳು, ಗಾಳಿಮರ, ದಡಕ್ಕೆಳೆದ ದೋಣಿ, ನೀವು ಎಲ್ಲವೂ ಪೂರ್ವಕ್ಕೆ ಹಿಮ್ಮುಖವಾಗಿ ಸಾಗುತ್ತಿದ್ದೀರಿ. ಕಾರವಾರದ ಅಕ್ಷಾಂಶದಲ್ಲಿ ಭೂಮಿ ತಿರುಗುವ ವೇಗ ಗಂಟೆಗೆ ಸುಮಾರು 1,600 ಕಿಲೋಮೀಟರ್. ಮನಸ್ಸು ಇದನ್ನು ಒಪ್ಪಿಕೊಂಡ ಗಳಿಗೆಯಲ್ಲಿ ಕುಳಿತಲ್ಲೇ ಮೈ ಜುಂ ಎನ್ನುತ್ತದೆ. ನಮಗೆ ಸಂಜೆಯಾದ ಈ ಹೊತ್ತಿಗೆ ಆಫ್ರಿಕಾದ ಪಶ್ಚಿಮ ತುದಿಯಲ್ಲಿ ನಡುಮಧ್ಯಾಹ್ನ.

ಈಗ ಸೂರ್ಯ ಮರೆಯಾದ. ಎಲ್ಲರೂ ಎದ್ದರು. ನೀವು ಬೆನ್ನನ್ನು ಕಡಲಿಗೆ ಕೊಟ್ಟು ಪೂರ್ವಕ್ಕೆ ತಿರುಗಿ.

ಆಕಾಶ ತಿಳಿಯಾಗಿದ್ದರೆ ಸ್ವಲ್ಪ ಹೊತ್ತಿನಲ್ಲಿ ಘಟ್ಟದ ಸಾಲಿನ ಮೇಲೆ ಬೂದು ನೀಲಿಯ ಒಂದು ಪಟ್ಟಿ ಏಳತೊಡಗುತ್ತದೆ. ಅದರ ಮೇಲೆ ಮಾಸಲು ಗುಲಾಬಿಯ ಇನ್ನೊಂದು ಪಟ್ಟಿ. ಕೆಳಗಿನ ನೀಲಿಯನ್ನು ಮೋಡವೆಂದೋ ಮಂಜೆಂದೋ ಬಗೆದು ಸುಮ್ಮನಾಗುವವರೇ ಹೆಚ್ಚು. ಅದು ಭೂಮಿಯ ನೆರಳು. ಗ್ರಹಣದಲ್ಲಿ ಚಂದ್ರನ ಮೇಲೆ ಬೀಳುವ ಅದೇ ನೆರಳು ದಿನವೂ ಸಂಜೆ ನಮ್ಮ ವಾತಾವರಣದ ಮೇಲೆ ಬಿದ್ದು ಮೇಲೇರುತ್ತದೆ. ಗುಲಾಬಿ ಬಣ್ಣ ನೆರಳಿನ ಆಚೆ ಇನ್ನೂ ಬಿಸಿಲು ಕಾಯುತ್ತಿರುವ ಗಾಳಿಯದು. ಹತ್ತು ಹದಿನೈದು ನಿಮಿಷದಲ್ಲಿ ಎರಡೂ ಕರಗಿ ಒಂದಾಗುತ್ತವೆ. ಇದನ್ನು ನೋಡಲು ಟಿಕೆಟ್ ಇಲ್ಲ, ಕಾಯುವ ಸಾಲಿಲ್ಲ, ನೋಡುವವರೂ ಇಲ್ಲವಲ್ಲ ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ.

ಮತ್ತೆ ಪಡುವಣಕ್ಕೆ ತಿರುಗಿ. ಎತ್ತರದ ತೆಳು ಮೋಡಗಳಿದ್ದರೆ ಅವಕ್ಕೆ ಸೂರ್ಯ ಇನ್ನೂ ಕಾಣುತ್ತಿರುತ್ತಾನೆ, ಆದ್ದರಿಂದ ಕೆಳಗಿನಿಂದ ಅವು ಹೊತ್ತಿಕೊಳ್ಳುತ್ತವೆ. ಓರೆಯಾಗಿ ಬರುವ ಬೆಳಕು ಬಹಳ ದೂರದ ಗಾಳಿಯನ್ನು ಹಾದು ಬರಬೇಕು; ದಾರಿಯಲ್ಲಿ ನೀಲಿ ಚದುರಿಹೋಗಿ ಕೆಂಪು, ಕಿತ್ತಳೆ ಉಳಿಯುತ್ತವೆ. ಇಲ್ಲಿ ಚದುರಿದ ನೀಲಿಯೇ ಇನ್ನೂ ಹಗಲಿರುವ ಊರಿನವರ ಆಕಾಶ.

ಇದೇ ಹೊತ್ತಿನಲ್ಲಿ ಮನೆಯಂಗಳದಲ್ಲಿದ್ದೀರಾದರೆ ಒಂದು ಕೆಂಪು ದಾಸವಾಳದ ಮುಂದೆ ನಿಂತುಕೊಳ್ಳಿ. ಹೂವನ್ನೂ ಅದರ ಸುತ್ತಲಿನ ಎಲೆಯನ್ನೂ ಒಟ್ಟಿಗೆ ನೋಡುತ್ತಿರಿ. ಹಗಲಿನಲ್ಲಿ ಎಲೆಗಿಂತ ಎದ್ದು ಕಾಣುತ್ತಿದ್ದ ಕೆಂಪು ನಿಧಾನವಾಗಿ ಕಂದಾಗುತ್ತದೆ, ಆಮೇಲೆ ಕಪ್ಪಾಗುತ್ತದೆ. ಎಲೆ ಮಾತ್ರ ಹಾಗೇ ಇರುತ್ತದೆ, ಹೂವಿಗಿಂತ ಬೆಳ್ಳಗೂ ಕಾಣುತ್ತದೆ. ಎಸಳಿನ ನಡುವಿನಿಂದ ಹೊರಚಾಚಿದ ಕೇಸರದ ತುದಿಯ ಹಳದಿ ಪುಡಿಯಷ್ಟೇ ಮಂಕಾಗಿ ಉಳಿದಿರುತ್ತದೆ. ಹೂವಿನಲ್ಲಿ ಏನೂ ಬದಲಾಗಿಲ್ಲ. ಹಗಲಿನ ಕಣ್ಣು ಮಲಗಿ ಇರುಳಿನ ಕಣ್ಣು ಎದ್ದಿದೆ. ಇರುಳಿನ ಕಣ್ಣಿಗೆ ಕೆಂಪು ಬಹುತೇಕ ಕಾಣುವುದಿಲ್ಲ, ಹಸಿರು ನೀಲಿಗಳು ಕಾಣುತ್ತವೆ. ಚೆಕ್ ವಿಜ್ಞಾನಿ ಪುರ್ಕಿನ್ಯೆ 19ನೇ ಶತಮಾನದ ಆರಂಭದಲ್ಲಿ ಹೂಗಳನ್ನು ನೋಡುತ್ತಲೇ ಇದನ್ನು ಗುರುತಿಸಿದ. ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ‘ಕೆಂಪು ಹೋದಾಗ ಹೇಳು’ ಎನ್ನಿ. ಅವರು ಮರುದಿನ ತಾವಾಗಿಯೇ ಬಂದು ನಿಲ್ಲುತ್ತಾರೆ.

ಕಣ್ಣಿಗೆ ಅರ್ಧ ಗಂಟೆ ಕೊಡಿ

ಮೊಬೈಲ್ ಚೀಲದೊಳಗೆ ಹೋಗಲಿ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಂದೇ ಒಂದು ಸಲ ಪರದೆ ಬೆಳಗಿದರೆ ಆ ಗಳಿಕೆಯೆಲ್ಲ ಹೋಗಿ ಮತ್ತೆ ಮೊದಲಿನಿಂದ ಶುರು. ಕೆಂಪು ಕಾಗದ ಸುತ್ತಿದ ಟಾರ್ಚ್ ಈಗ ಕೆಲಸಕ್ಕೆ ಬರುತ್ತದೆ, ಮಂದ ಕೆಂಪು ಬೆಳಕು ಇರುಳಿನ ಕಣ್ಣನ್ನು ಅಷ್ಟಾಗಿ ಕೆಡಿಸುವುದಿಲ್ಲ.

ಮಂಕಾದ ನಕ್ಷತ್ರವನ್ನು ನೇರವಾಗಿ ನೋಡಿದರೆ ಅದು ಮಾಯವಾಗುತ್ತದೆ. ಸ್ವಲ್ಪ ಪಕ್ಕಕ್ಕೆ ನೋಟ ನೆಟ್ಟರೆ ಕಾಣುತ್ತದೆ. ಕಣ್ಣಿನ ನಟ್ಟನಡುವೆ ಇರುಳಿನ ನೋಟದ ಕೋಶಗಳು ಇಲ್ಲದಿರುವುದೇ ಕಾರಣ.

ಬಿದಿಗೆಯ ಚಂದ್ರ, ಅಗಸ್ತ್ಯ, ತ್ರಿಶಂಕು

ಬಿದಿಗೆ ಅಥವಾ ತದಿಗೆಯಾಗಿದ್ದರೆ ಪಡುವಣದ ಕೆಂಪಿನ ಮೇಲೆ ತೆಳು ಚಂದ್ರ ಕಾಣುತ್ತಾನೆ. ಬೆಳಗಿದ ಗೆರೆಯನ್ನು ಬಿಟ್ಟು ಉಳಿದ ಭಾಗವನ್ನು ನೋಡಿ. ಪೂರ್ತಿ ದುಂಡು ಮಂಕಾದ ಬೂದು ಬಣ್ಣದಲ್ಲಿ ಗೋಚರಿಸುತ್ತದೆ. ಸೂರ್ಯನ ಬೆಳಕು ಅಲ್ಲಿಗೆ ನೇರವಾಗಿ ಬೀಳುತ್ತಿಲ್ಲ. ಹಾಗಾದರೆ ಅದು ಯಾರ ಬೆಳಕು? ನಮ್ಮದು. ನಮಗೆ ಸಂಜೆಯಾದರೂ ಅರಬ್ಬೀ ಸಮುದ್ರದ ಆಚೆ ದಡದಲ್ಲಿ, ಆಫ್ರಿಕಾದ ಮರಳುಗಾಡಿನಲ್ಲಿ, ಅಟ್ಲಾಂಟಿಕ್ ಮೇಲಿನ ಮೋಡಗಳಲ್ಲಿ ಇನ್ನೂ ಹಗಲು. ಆ ಹಗಲು ಚಂದ್ರನ ಕತ್ತಲ ಭಾಗವನ್ನು ಬೆಳಗಿ, ಅಲ್ಲಿಂದ ಹಿಂದಿರುಗಿ ನಿಮ್ಮ ಕಣ್ಣಿಗೆ ಬರುತ್ತಿದೆ. 16ನೇ ಶತಮಾನದ ಆರಂಭದಲ್ಲೇ ಲಿಯೊನಾರ್ಡೊ ಡ ವಿಂಚಿ ಇದನ್ನು ಸರಿಯಾಗಿ ಊಹಿಸಿ ಬರೆದಿಟ್ಟಿದ್ದ. ಬಿದಿಗೆಯ ಸಂಜೆ ನನಗೆ ಇಷ್ಟ ಎಂದದ್ದು ಇದಕ್ಕಾಗಿ. ಎಲ್ಲೋ ದೂರದ ನೆಲದ ಬೆಳಕು ಅಷ್ಟು ದೂರ ಸುತ್ತಿ ಧಾರೇಶ್ವರದ ಮರಳಿಗೆ ಬಂದು ಸೇರುತ್ತದೆ ಎಂಬುದನ್ನು ಎಷ್ಟು ಸಲ ನೆನೆದರೂ ಹಳತಾಗುವುದಿಲ್ಲ.

ನಕ್ಷತ್ರಗಳ ವಿಷಯದಲ್ಲಿ ದಕ್ಷಿಣದ ದಿಗಂತವನ್ನು ಮರೆಯಬೇಡಿ. ಫೆಬ್ರುವರಿಯ ರಾತ್ರಿ 9 ಗಂಟೆಯ ಹೊತ್ತಿಗೆ ದಕ್ಷಿಣದಲ್ಲಿ ತೀರ ಎತ್ತರವಲ್ಲದ ಜಾಗದಲ್ಲಿ ಒಂಟಿಯಾಗಿ ಹೊಳೆಯುವುದು ಅಗಸ್ತ್ಯ. ಇಡೀ ಇರುಳಾಕಾಶದಲ್ಲಿ ಹೊಳಪಿನಲ್ಲಿ ಅದಕ್ಕಿಂತ ಮಿಗಿಲಾದ ನಕ್ಷತ್ರ ಒಂದೇ, ಲುಬ್ಧಕ. ಅಗಸ್ತ್ಯದಿಂದ ಹೊರಟ ಬೆಳಕು ನಮ್ಮನ್ನು ತಲುಪಲು 300 ವರ್ಷಕ್ಕಿಂತ ತುಸು ಹೆಚ್ಚೇ ಬೇಕು. ಮೇ ತಿಂಗಳ ಮಧ್ಯದಲ್ಲಿ ರಾತ್ರಿ 9ರಿಂದ 10ರ ನಡುವೆ ಅದೇ ದಿಕ್ಕಿನಲ್ಲಿ ಇನ್ನೂ ಕೆಳಗೆ ಶಿಲುಬೆಯಾಕಾರದ ನಕ್ಷತ್ರಗುಂಪು ತ್ರಿಶಂಕು ನೆಟ್ಟಗೆ ನಿಂತಿರುತ್ತದೆ. ಉತ್ತರ ಭಾರತದ ಬಹುಪಾಲು ಜನರಿಗೆ ಅದು ಸರಿಯಾಗಿ ಸಿಗುವುದಿಲ್ಲ. ನಮಗೆ ಅಂಗಳದಲ್ಲೇ ಸಿಗುತ್ತದೆ, ದಕ್ಷಿಣಕ್ಕೆ ಬೆಟ್ಟ ಅಡ್ಡವಿರಬಾರದು ಅಷ್ಟೇ.

ಬೆಳದಿಂಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದಕ್ಕೆ ಮಾರ್ಗದರ್ಶಿ ಬೇಕಿಲ್ಲ. 1880ರ ದಶಕದ ಆರಂಭದಲ್ಲಿ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಿದ್ದ ಯುವಕ ರವೀಂದ್ರನಾಥರು ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಮರಳಿ, ಮರಳ ಮೇಲೆ ನಡೆದುಕೊಂಡು ಮನೆ ಸೇರಿದ್ದನ್ನು ವಯಸ್ಸಾದ ಮೇಲೂ ನೆನೆದಿದ್ದರು.

ನೀರು ಹೊಳೆಯುವ ರಾತ್ರಿ

ಇದು ಹೇಳಿಕೇಳಿ ಬರುವುದಲ್ಲ. ಮಳೆಗಾಲ ಕಳೆದ ಮೇಲಿನ ತಿಂಗಳುಗಳಲ್ಲಿ, ಕತ್ತಲು ಗಟ್ಟಿಯಾಗಿರುವ ರಾತ್ರಿ, ಒಡೆಯುವ ಅಲೆಯ ಅಂಚಿನಲ್ಲಿ ನೀಲಿ ಮಿಂಚು ಓಡಿದಂತೆ ಕಾಣಬಹುದು. 2020ರ ಕೊನೆಯ ತಿಂಗಳುಗಳಲ್ಲಿ ಕರ್ನಾಟಕದ ಕರಾವಳಿಯ ಹಲವೆಡೆ ಇದು ಕಂಡು ಸುದ್ದಿಯಾಗಿತ್ತು. ಮೀನುಗಾರರಿಗೆ ಇದು ಹೊಸದೇನಲ್ಲ. ಕತ್ತಲಲ್ಲಿ ಮೀನಿನ ಹಿಂಡು ತಿರುಗಿದರೆ ನೀರೊಳಗೆ ಬೆಳಕು ತಿರುಗುತ್ತದೆ, ಅದನ್ನು ನೋಡಿ ಬಲೆ ಬೀಸುವ ಅನುಭವ ಹಳಬರಲ್ಲಿದೆ. ಆದ್ದರಿಂದ ಸುದ್ದಿಗಾಗಿ ಕಾಯದೆ, ದೋಣಿ ಎಳೆಯುವಲ್ಲಿಗೆ ಹೋಗಿ ‘ಅಣ್ಣಾ, ಈಗ ನೀರು ಹೊಳೆಯುತ್ತಿದೆಯೇ?’ ಎಂದು ಕೇಳುವುದೇ ಒಳ್ಳೆಯ ದಾರಿ.

ಹೊಳೆಯುವ ಸುಳಿವು ಸಿಕ್ಕಿದರೆ ಹೀಗೆ ಮಾಡಿ. ದೀಪಗಳಿಂದ ದೂರ ನಡೆದು, ಅಲೆ ಈಗಷ್ಟೇ ಬಿಟ್ಟುಹೋದ ಒದ್ದೆ ಮರಳಿನ ಮೇಲೆ ಬರಿಗಾಲಲ್ಲಿ ನಿಲ್ಲಿ. ಹೆಬ್ಬೆರಳಿನಿಂದ ಮರಳನ್ನು ಒಮ್ಮೆ ಗೀರಿ. ಒಲೆಯಲ್ಲಿ ಕೆಂಡ ಕೆದಕಿದಾಗ ಕಿಡಿ ಹಾರಿದ ಹಾಗೆ ಬೆರಳ ಸುತ್ತ ನೀಲಿ ಚುಕ್ಕೆಗಳು ಹೊತ್ತಿ ಆರುತ್ತವೆ. ಪಾದ ಎತ್ತಿದರೆ ಹೆಜ್ಜೆಯ ಅಂಚಿನಲ್ಲಿ ಒಂದೆರಡು ಚುಕ್ಕೆ ಉಳಿದಿರುತ್ತವೆ, ನೋಡುವಷ್ಟರಲ್ಲಿ ಅವೂ ಇಲ್ಲ.

ಸಾಮಾನ್ಯವಾಗಿ ಇದು ನಾಕ್ಟಿಲುಕಾ ಎಂಬ ಏಕಕೋಶ ಜೀವಿಯ ಬೆಳಕು. ಬಹುತೇಕ ಒಂದು ಮಿಲಿಮೀಟರಿಗೂ ಚಿಕ್ಕದು. ನೀರು ಅಲುಗಿದಾಗ ಅದರ ಮೈಯಲ್ಲಿ ಲೂಸಿಫೆರಿನ್ ಎಂಬ ವಸ್ತು ಆಮ್ಲಜನಕದೊಂದಿಗೆ ಕೂಡಿ ಬೆಳಕಾಗುತ್ತದೆ. ಒಂದು ಮಿನುಗು ಸೆಕೆಂಡಿನ ಹತ್ತನೇ ಒಂದು ಭಾಗವೂ ಇರುವುದಿಲ್ಲ. ತನ್ನನ್ನು ತಿನ್ನಲು ಬಂದವರನ್ನು ಬೆಚ್ಚಿಸಲು ಅದು ಹಾಗೆ ಮಿನುಗುತ್ತದೆಂದು ತಿಳಿದವರು ಹೇಳುತ್ತಾರೆ. ಅಂದರೆ ನಮ್ಮ ಬೆರಗು ಅದರ ಭಯ. ಈ ತಿಳಿವಳಿಕೆ ಇದ್ದರೆ ಬಕೆಟಿನಲ್ಲಿ ತುಂಬಿಕೊಂಡು ಕಲಕುತ್ತಾ ವೀಡಿಯೊ ಮಾಡಲು ಮನಸ್ಸು ಬರುವುದಿಲ್ಲ.

ನಾಕ್ಟಿಲುಕಾ ವಿಪರೀತ ಹೆಚ್ಚಿದರೆ ಹಗಲಿನಲ್ಲಿ ನೀರು ಕೆಂಪಾಗಿಯೋ ಹಸಿರಾಗಿಯೋ ಕಾಣುತ್ತದೆ, ನೀರಿನ ಆಮ್ಲಜನಕ ತಗ್ಗಿ ಮೀನುಗಳಿಗೆ ತೊಂದರೆಯಾಗುತ್ತದೆ. ಹಾಗೆ ದಟ್ಟವಾಗಿರುವಾಗ ಈಜಲು ಇಳಿಯಬೇಡಿ. ಎಷ್ಟೇ ಚೆಂದವಿದ್ದರೂ ರಾತ್ರಿ ಕಡಲಲ್ಲಿ ಮೊಣಕಾಲಿನ ಮೇಲೆ ನೀರು ಬರುವಲ್ಲಿಗೆ ಹೋಗಲೇಬೇಡಿ.

ಘಟ್ಟದ ಮೇಲೆ, ಮೇ ತಿಂಗಳ ಕೊನೆಯಲ್ಲಿ

ಬೇಸಿಗೆಯ ಒಂದೆರಡು ಮಳೆ ಬಿದ್ದು ನೆಲ ತಣಿದ ಮೇಲೆ, ಮುಂಗಾರು ಹಿಡಿಯುವ ಮೊದಲು, ಶಿರಸಿ ಸಿದ್ದಾಪುರ ಯಲ್ಲಾಪುರದ ಅಡಿಕೆ ತೋಟಗಳಲ್ಲೂ ತೋಟಕ್ಕೆ ಸೊಪ್ಪು ಕೊಡುವ ಬೆಟ್ಟಗಳಲ್ಲೂ ಮಿಂಚುಹುಳುಗಳ ಕಾಲ. ಕತ್ತಲಾದ ಅರ್ಧ ಗಂಟೆಗೆ ಶುರುವಾಗುತ್ತದೆ. ಮೊದಲು ತೋಟದ ಕಾಲುವೆಯ ಮೇಲೆ ಒಂದು, ಬಾಳೆಯ ಸಂದಿಯಲ್ಲಿ ಇನ್ನೊಂದು. ಆಮೇಲೆ ಎಣಿಸುವುದನ್ನು ಬಿಡುತ್ತೀರಿ. ಕೆಲವು ಜಾತಿಗಳು ಒಂದೇ ಮರದಲ್ಲಿ ಸೇರಿ ಒಂದೇ ತಾಳಕ್ಕೆ ಹೊತ್ತಿ ಆರುತ್ತವೆ.

ಹಾರುತ್ತಾ ಮಿನುಗುವವು ಬಹುತೇಕ ಗಂಡುಗಳು. ಹೆಣ್ಣು ಕೆಳಗೆ ಹುಲ್ಲಿನಲ್ಲಿ, ಉದುರಿದ ಒಣ ಎಲೆಯ ದರಕಿನ ಮೇಲೆ ಕುಳಿತು ಉತ್ತರ ಕೊಡುತ್ತದೆ. ಆದ್ದರಿಂದ ತಲೆ ಎತ್ತಿ ನೋಡಿದಷ್ಟೇ ನೆಲವನ್ನೂ ನೋಡಿ. ಒಂದು ಗಂಡನ್ನು ಆರಿಸಿಕೊಂಡು ಅದರ ಮಿನುಗಿನ ಲಯ ಹಿಡಿಯಿರಿ, ಅದರ ಕೆಳಗೆ ಯಾರಾದರೂ ಮರುನುಡಿಯುತ್ತಿದ್ದಾರೆಯೇ ಹುಡುಕಿ. ಸಿಕ್ಕಿದರೆ ನೀವು ಒಂದು ಸಂಭಾಷಣೆಯನ್ನು ಕಣ್ಣಿಂದ ಕೇಳುತ್ತಿದ್ದೀರಿ. ಈ ಹುಳುವಿನ ಬಾಳಿನ ಬಹುಭಾಗ ಕಳೆಯುವುದು ಮರಿಯಾಗಿ, ಒದ್ದೆ ಮಣ್ಣಿನಲ್ಲಿ, ಬಸವನಹುಳು ಎರೆಹುಳು ತಿನ್ನುತ್ತಾ. ರೆಕ್ಕೆ ಬಂದು ಬೆಳಗುವ ಕಾಲ ಕೆಲವೇ ವಾರ. ತೋಟಕ್ಕೆ ಸೊಪ್ಪು ಹಾಸಿದ ಕೈಗಳು, ವಿಷ ಹೊಡೆಯದೆ ಬಿಟ್ಟ ಕೈಗಳು, ಈ ಬೆಳಕಿನ ಹಿಂದಿವೆ. ಕೃತಜ್ಞತೆ ಯಾರಿಗೆ ಸಲ್ಲಬೇಕು ಎಂದು ಹುಡುಕುವವರು ಇಲ್ಲಿಂದ ಶುರುಮಾಡಬಹುದು.

ಮುಂಗಾರು ಜೋರಾದ ಮೇಲೆ ಪಶ್ಚಿಮ ಘಟ್ಟದ ಕಾಡಿನಲ್ಲಿ ಕೊಳೆತ ಕಟ್ಟಿಗೆಯ ಮೇಲೆ ಬೆಳಗುವ ಅಣಬೆಗಳೂ ಇವೆ. ಮಂಕಾದ ಹಸಿರು ಬೆಳಕು, ಕಣ್ಣು ಪೂರ್ತಿ ಪಳಗಿದ್ದರೆ ಮಾತ್ರ ಕಾಣುತ್ತದೆ. ಜಾಗ ಬಲ್ಲ ಊರಿನವರ ಜೊತೆಗೇ ಹೋಗಿ.

ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಉಪ್ಪು ಅಥವಾ ಸುಣ್ಣ ಇಟ್ಟುಕೊಳ್ಳಿ. ನಡೆಯುವಾಗ ಟಾರ್ಚ್ ಬೇಕೇ ಬೇಕು, ಹಾವು ಇರುವ ನೆಲವಿದು. ಸಿದ್ದಾಪುರ, ಹೊನ್ನಾವರ ಭಾಗದಲ್ಲಿ ಚಳಿಗಾಲದಿಂದ ಮೇವರೆಗೆ ಮಂಗನ ಕಾಯಿಲೆಯ ಭಯವಿರುತ್ತದೆ. ಅದು ಉಣುಗಿನಿಂದ ಹರಡುವುದರಿಂದ ಕಾಯಿಲೆ ಕಂಡ ಕಾಡಿಗೆ ಹೋಗಬೇಡಿ. ಅಂಚಿನ ತೋಟಕ್ಕೆ ಹೋಗುವುದಾದರೆ ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲ ಹಚ್ಚಿಕೊಂಡು, ತುಂಬು ಬಟ್ಟೆ ತೊಟ್ಟು ಹೋಗಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ.

ಋಣ ತೀರಿಸುವ ಕೆಲಸ

ನೋಡಿ ಬಂದ ರಾತ್ರಿಯೇ ಒಂದು ಸಾಲು ಬರೆದಿಡಿ: ತಾರೀಖು, ತಿಥಿ, ಜಾಗ, ಕಂಡ ಬೆಳಕು, ಅದನ್ನು ನಿಮಗೆ ತಲುಪಿಸಿದವರು. ಕೊನೆಯ ಕಾಲಂ ಬಿಡಬೇಡಿ. ಗಾಳಿಯ ಪದರ, ಆಫ್ರಿಕಾದ ಹಗಲು, ದೋಣಿಯ ಅಣ್ಣ, ಸೊಪ್ಪು ಹಾಸಿದ ಅತ್ತೆ, ಯಾರಾದರೂ ಸರಿ.

ಆಮೇಲೆ ಅಂಗಳದ ದೀಪ ನೋಡಿ. ತುಳಸಿಕಟ್ಟೆಯ ಮುಂದಿನ ಎಣ್ಣೆದೀಪದಿಂದ ಮಿಂಚುಹುಳುಗಳಿಗೆ ಅಷ್ಟಾಗಿ ಕೇಡಿಲ್ಲ. ಇರುಳಿಡೀ ಉರಿಯುವ ಬಿಳಿ ಎಲ್‌ಇಡಿ ದೀಪದಿಂದ ಆಗುತ್ತದೆ: ಗಂಡಿನ ಮಿನುಗು ಹೆಣ್ಣಿಗೆ ಕಾಣದೆ ಹೋಗುತ್ತದೆ. ಮೇ, ಜೂನ್ ತಿಂಗಳಲ್ಲಾದರೂ ಊಟವಾದ ಮೇಲೆ ಅದನ್ನು ಆರಿಸಿ. ಬೇಕೇ ಬೇಕೆಂದರೆ ಹಳದಿ ಬಲ್ಬ್ ಹಾಕಿ, ಬೆಳಕು ನೆಲಕ್ಕಷ್ಟೇ ಬೀಳುವಂತೆ ಮೇಲೊಂದು ತಗಡಿನ ಮುಚ್ಚಳ ಕೊಡಿ.

ಕಡಲ ಬದಿಯವರಿಗೆ ಇನ್ನೊಂದು ಹೊಣೆಯಿದೆ. ಚಳಿಗಾಲದ ತಿಂಗಳುಗಳಲ್ಲಿ ನಮ್ಮ ದಡಗಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮರಿಗಳು ಮರಳಿನಿಂದ ಎದ್ದು ಬಂದಾಗ ಬೆಳ್ಳಗಿರುವ ಕಡೆಗೆ ನಡೆಯುತ್ತವೆ. ಕತ್ತಲ ದಡದಲ್ಲಿ ಬೆಳ್ಳಗಿರುವುದು ಕಡಲಿನ ಮೇಲಿನ ಆಕಾಶ. ರೆಸಾರ್ಟಿನ ದೀಪ ಅದಕ್ಕಿಂತ ಬೆಳ್ಳಗಿದ್ದರೆ ಮರಿ ರಸ್ತೆಯ ಕಡೆ ಹೋಗಿ ಸಾಯುತ್ತದೆ. ಆಮೆಯಾಗಲಿ ಮರಿಯಾಗಲಿ ಕಂಡರೆ ಟಾರ್ಚ್ ಆರಿಸಿ, ದೂರ ಸರಿದು, ಅರಣ್ಯ ಇಲಾಖೆಗೆ ಫೋನ್ ಮಾಡಿ. ದಡಕ್ಕೆ ಮುಖ ಮಾಡಿದ ಬೀದಿದೀಪಗಳಿಗೆ ಮರೆ ಹಾಕಬೇಕೆಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ, ಬಾಯಿಮಾತಿನಲ್ಲಿ ಬಿಡದೆ ಅರ್ಜಿ ಬರೆದು ಕೊಟ್ಟು ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ.